ಎರಡು ರಾತ್ರಿ, ಮೂರು ಹಗಲು

ಹತ್ತು ವರ್ಷ ಕೆಲಸ ಮಾಡಿದವರಿಗೆ ಸುಧಾಕರನ ಕಾರ್ಖಾನೆಯವರು ಹೋದ ವರ್ಷದವರೆಗೆ ಗೋಡೆ ಗಡಿಯಾರ ಕೊಡುತ್ತಿದ್ದರು. ಈ ವರ್ಷ ಯಾರ ತಲೆಗೆ ಏನು ಹೊಳೆಯಿತೋ, ಸಮುದ್ರದ ದಂಡೆಯ ದೊಡ್ಡ ರೆಸಾರ್ಟಿನಲ್ಲಿ ಎರಡು ರಾತ್ರಿ, ಮೂರು ಹಗಲು ಅಂತ ಒಂದು ಕೂಪನ್ ಕೊಟ್ಟರು. ಗಡಿಯಾರವನ್ನೇ ಕೊಟ್ಟಿದ್ದರೆ ಮೊಳೆ ಹೊಡೆದು ನೇತುಹಾಕಿ ಊಟ ಮಾಡಿ ಮಲಗಬಹುದಿತ್ತು. ಕೂಪನ್ ಬಂದದ್ದರಿಂದ ಆ ಮನೆಯಲ್ಲಿ ಐದು ವಾರ ಯಾರಿಗೂ ನೆಮ್ಮದಿಯಾಗಿ ಮುದ್ದೆ ಇಳಿಯಲಿಲ್ಲ.

ಮನೆ ಇರುವುದು ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಂದು ಮೈಲಿ ಒಳಗೆ. ನಾಲ್ಕು ಜನ, ಮೂರು ಹಸು. ಸುಧಾಕರ ಮಾರಿಕುಪ್ಪಂನಿಂದ ಬರುವ ರೈಲನ್ನು ಬಂಗಾರಪೇಟೆಯಲ್ಲಿ ಹಿಡಿದು ಮಾಲೂರಿಗೆ ಹೋಗಿಬರುತ್ತಾನೆ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ. ಅವನ ಅಪ್ಪ ಮುನಿಸ್ವಾಮಪ್ಪ ಗಣಿ ಮುಚ್ಚುವವರೆಗೂ ಮೈಸೂರು ಮೈನ್ಸಿನಲ್ಲಿ ಭೂಮಿಯೊಳಗೆ ದುಡಿದವನು. ಆಮೇಲೆ ಸೀಮೆಹುಲ್ಲು, ಬೂಸಾ, ಡೇರಿ. ಹಾಲು ಕರೆಯುವುದು ಅಮ್ಮ ಮುನಿನಾರಾಯಣಮ್ಮ. ಸುಧಾಕರನ ಹೆಂಡತಿ ಶ್ಯಾಮಲ ಆಂಡರ್ಸನ್‌ಪೇಟೆಯ ಟೈಲರ್ ಒಬ್ಬರ ಮಗಳು. ಮದುವೆಯಾಗಿ ಆರು ವರ್ಷ. ಮಕ್ಕಳಿಲ್ಲ.

ಕೂಪನ್ ಬಂದ ದಿನ ಸಂಜೆ ಹುರುಳಿಕಾಳಿನ ಸಾರು. ಸುಧಾಕರ ಎಡಗೈಯಲ್ಲಿ ಫೋನ್ ಹಿಡಿದುಕೊಂಡು ಕಂಪನಿಯವರು ಕಳಿಸಿದ ಫೋಟೋಗಳನ್ನು ಒಂದೊಂದಾಗಿ ತೋರಿಸಿದ. ಮೂರು ರೆಸಾರ್ಟಿನಲ್ಲಿ ಒಂದನ್ನು ಆರಿಸಬೇಕು. ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಫೋನಿನಲ್ಲೇ ಒತ್ತಬೇಕು, ಒತ್ತಿದ ಮೇಲೆ ಬದಲಾಯಿಸುವ ಹಾಗಿಲ್ಲ.

"ಮೊದಲ್ನೇದು ಗೋವಾ," ಅಂದ.

"ಅದು ಕುಡಿಯೋರ ಊರು. ಮುಂದಕ್ಕೆ ತಳ್ಳು," ಅಂದ ಮುನಿಸ್ವಾಮಪ್ಪ.

ಎರಡನೆಯದು ಮಹಾಬಲಿಪುರದ ಹತ್ತಿರ. ಫ್ಯಾಮಿಲಿ ರೂಮು, ನಾಲ್ಕು ಜನಕ್ಕೆ ಎರಡು ದೊಡ್ಡ ಮಂಚ, ಈಜುಕೊಳಕ್ಕೆ ಇಳಿಯುವ ಜಾರುಬಂಡೆ, ಬೇಕಾದಷ್ಟು ಬಡಿಸಿಕೊಂಡು ತಿನ್ನುವ ಊಟ. ಮೂರನೆಯದು ಪಾಂಡಿಚೇರಿ ಕಡೆ, ಗಂಡ ಹೆಂಡತಿಗೆ ಮಾತ್ರ. ಹುಲ್ಲು ಹೊದಿಸಿದ ಒಂಟಿ ಮನೆ, ಅದರ ಮುಂದೆ ಉಯ್ಯಾಲೆ, ಉಯ್ಯಾಲೆಯ ಮುಂದೆ ಸಮುದ್ರ. ಅವತ್ತೇ ಎರಡಕ್ಕೂ ಮನೆಯಲ್ಲಿ ಹೆಸರು ಬಿತ್ತು: ಜಾರುಬಂಡೆಯದು, ಉಯ್ಯಾಲೆಯದು.

"ಉಲ್ಲಿನ ಗುಡಿಸ್ಲಿಗೆ ಅಷ್ಟು ದೂರ ಯಾಕ್ಲಾ ಓಗ್ಬೇಕು? ನಮ್ಮ ಕೊಟ್ಟಿಗೆ ಇಲ್ವಾ?"

"ಒಳಗೆ ಏಸಿ ಐತಪ್ಪ."

ಮುನಿನಾರಾಯಣಮ್ಮ ಕನ್ನಡಕ ಸರಿಮಾಡಿಕೊಂಡು ಫೋನಿಗೆ ಬಗ್ಗಿದಳು. "ಇದೇನ್ಲಾ, ಬಚ್ಚಲಿಗೆ ಗೋಡೇನೇ ಇಲ್ಲ?"

"ಗಾಜಿನ ಗೋಡೆ ಅಮ್ಮ. ಇವಾಗ ಎಲ್ಲಾ ಕಡೆ ಇಂಗೇ."

"ಇದು ಯಾವುದ್ರದ್ದು?"

"ಜಾರುಬಂಡೇದು."

ಅತ್ತೆ ಸೊಸೆಯ ಮುಖ ನೋಡಿದಳು. ಸೊಸೆ ಸಾರಿನ ಪಾತ್ರೆ ನೋಡಿದಳು. ನಾಲ್ಕು ಜನ, ಒಂದು ರೂಮು, ಗಾಜಿನ ಬಚ್ಚಲು.

ಮುನಿಸ್ವಾಮಪ್ಪನ ಕಣ್ಣು ಮಾತ್ರ ಸಮುದ್ರದ ಮೇಲೇ ಇತ್ತು. "ನಾನು ಸಮುದ್ರಕ್ಕಿಂತ ಕೆಳಗೆ ಇಳಿದು ಕೆಲಸ ಮಾಡಿದೋನು ಕಣ್ಲಾ. ಇಲ್ಲಿಂದ ಮದ್ರಾಸಿಗೆ ಸೀದಾ ಗೆರೆ ಎಳೆದ್ರೆ ಅಲ್ಲಿ ನೀರು ನಮ್ಮ ತಲೆ ಮೇಲಿರ್ತದೆ ಅಂತಿದ್ದ ನಮ್ಮ ಮೇಸ್ತ್ರಿ ಕುಪ್ಪುಸ್ವಾಮಿ. ಕಣ್ಣಲ್ಲಿ ಮಾತ್ರ ನೋಡಿಲ್ಲ," ಅಂದ.

ಆ ಮಾತು ಸಾಕಾಯಿತು, ಸುಧಾಕರ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟ. ಸುಧಾಕರ ಕೆಟ್ಟವನಲ್ಲ. ದುಡಿಯುತ್ತಾನೆ, ಕುಡಿಯುವುದಿಲ್ಲ, ಅಪ್ಪ ಅಮ್ಮನಿಗೆ ಎದುರು ಮಾತಾಡಿದವನಲ್ಲ. ಊರೆಲ್ಲ ಹೊಗಳುವ ಇಂಥ ಗಂಡಸರ ಜೊತೆ ಬಾಳುವುದು ಎಷ್ಟು ಕಷ್ಟ ಅನ್ನುವುದನ್ನು ಅವರ ಹೆಂಡತಿಯರನ್ನು ಕೇಳಬೇಕು.

ಶ್ಯಾಮಲಳಿಗೆ ಉಯ್ಯಾಲೆಯದೇ ಬೇಕಿತ್ತು. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳಿಬಿಡುತ್ತೇನೆ. ಆ ಮನೆಯಲ್ಲಿರುವುದು ಒಂದು ನಡುಮನೆ, ಒಂದು ಅಡುಗೆಮನೆ, ಒಂದು ರೂಮು. ರೂಮನ್ನು ಮಗ ಸೊಸೆಗೆ ಕೊಟ್ಟಿದ್ದಾರೆ, ಜೊತೆಗೆ ಎಂಟು ಮೂಟೆ ಬೂಸಾ. ಕೊಟ್ಟಿಗೆಯಲ್ಲಿಟ್ಟರೆ ಹೆಗ್ಗಣ ಬಿಡುವುದಿಲ್ಲ. ರೂಮಿಗೆ ಚೌಕಟ್ಟಿದೆ, ಬಾಗಿಲಿಲ್ಲ. ಮದುವೆಯಾದ ವರ್ಷ ಹಾಕಿಸುತ್ತೇನೆ ಅಂದಿದ್ದ ಸುಧಾಕರ ಇವತ್ತಿಗೂ ಹಾಕಿಸುತ್ತೇನೆ ಅನ್ನುತ್ತಿದ್ದಾನೆ. ಶ್ಯಾಮಲ ತಾನೇ ಹೊಲಿದ ಒಂದು ಪರದೆ ನೇತಾಡುತ್ತದೆ. ಪರದೆಯಿಂದ ಆರು ಅಡಿ ಆಚೆಗೆ ಅತ್ತೆ ಮಾವ ಮಲಗುತ್ತಾರೆ. ಬೆಳಿಗ್ಗೆ ನಾಲ್ಕೂವರೆಗೆ ಮುನಿನಾರಾಯಣಮ್ಮ ಬೋಗುಣಿ ಹಿಡಿದು ಬೂಸಾಕ್ಕೆ ಒಳಗೆ ಬರುತ್ತಾಳೆ. "ಮಲಗಿ, ಮಲಗಿ, ನಾನು ನೋಡಲ್ಲ," ಅನ್ನುತ್ತಲೇ ಬರುತ್ತಾಳೆ.

ಭಾನುವಾರ ಹಿತ್ತಲಲ್ಲಿ ಹುಲ್ಲು ಕತ್ತರಿಸುವಾಗ ಶ್ಯಾಮಲ ವಿಷಯ ತೆಗೆದಳು.

"ಉಯ್ಯಾಲೇದು ಒತ್ತಿ."

"ಅಪ್ಪ ಸಮುದ್ರ ನೋಡಿಲ್ಲ ಕಣೇ."

"ನಾನೂ ನೋಡಿಲ್ಲ."

"ನಿನಗೇನು, ಇನ್ನೂ ವಯಸ್ಸೈತೆ."

"ವಯಸ್ಸಿರೋವಾಗ್ಲೇ ಹೋಗೋಣ ಅಂತಾನೇ ಹೇಳ್ತಿರೋದು."

ಸುಧಾಕರನಿಗೆ ಅರ್ಥವಾಗಲಿಲ್ಲ ಅಂತಲ್ಲ. ಕಿವಿ ಕೆಂಪಾಯಿತು. ಹುಲ್ಲಿನ ಕಟ್ಟನ್ನು ಸುಮ್ಮನೆ ಅತ್ತಿಂದಿತ್ತ ತಿರುಗಿಸಿದ. "ಅಪ್ಪ ಅಮ್ಮನ್ನ ಬಿಟ್ಟು ನಾವಿಬ್ರೇ ಹೋದ್ರೆ ಊರೋರು ಏನಂತಾರೆ?"

"ಊರೋರು ಬಂದು ನಮ್ಮ ರೂಮಲ್ಲಿ ಮಲಗ್ತಾರಾ?"

"ಮೆಲ್ಲಗೆ ಮಾತಾಡೇ. ಅಮ್ಮ ಒಳಗವ್ರೆ."

"ನೋಡಿ, ಇದಕ್ಕೇ," ಅಂದಳು ಶ್ಯಾಮಲ. "ಇದಕ್ಕೇ ಕೇಳ್ತಿರೋದು."

ಕತ್ತರಿಸಿದ ಹುಲ್ಲನ್ನು ಬುಟ್ಟಿಗೆ ತುಂಬಿಕೊಂಡು ಎದ್ದು ಹೋದಳು. ಅವಳ ಕಣ್ಣಲ್ಲಿ ನೀರಿತ್ತು. ಸುಧಾಕರ ನೋಡಿದ, ಏನು ಮಾಡಬೇಕೋ ಗೊತ್ತಾಗದೆ ಉಳಿದ ಹುಲ್ಲು ಕತ್ತರಿಸಿದ.

ಅವತ್ತು ಸಂಜೆ ಊಟಕ್ಕೆ ಕೂತಾಗ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟ. "ಜಾರುಬಂಡೇದೇ. ನಾಲ್ಕು ಜನಾನೂ ಹೋಗಾನ. ರಜ ಮಂಜೂರಾದ ತಕ್ಷಣ ಒತ್ತಿಬಿಡ್ತೀನಿ."

ಮುನಿಸ್ವಾಮಪ್ಪ ಇನ್ನೊಂದು ಮುದ್ದೆ ಹಾಕಿಸಿಕೊಂಡ. ಮುನಿನಾರಾಯಣಮ್ಮ ಕೇಳಿದ್ದು ಒಂದೇ ಮಾತು: "ಅಸಗಳ್ನ ಯಾರು ನೋಡ್ಕೋತಾರೆ?"

ಅದನ್ನು ಒಪ್ಪಿಗೆ ಅಂತ ತಿಳಿದರು. ಪಕ್ಕದ ಮನೆ ಅಕ್ಕಯ್ಯಮ್ಮನನ್ನು ಒಪ್ಪಿಸುತ್ತೇನೆ ಅಂದ ಸುಧಾಕರ.

ಆದರೆ ಅಕ್ಕಯ್ಯಮ್ಮ ಒಪ್ಪಿದರೆ ಸಾಲದು, ಮಚ್ಚೆ ಒಪ್ಪಬೇಕು. ಮೂರು ಹಸುಗಳಲ್ಲಿ ಮಚ್ಚೆಯೇ ಹೆಚ್ಚು ಕರೆಯುವುದು, ಅದಕ್ಕೇ ಜಂಬ ಜಾಸ್ತಿ. ಮುನಿನಾರಾಯಣಮ್ಮನ ಕೈ ಬಿಟ್ಟು ಬೇರೆ ಕೈ ಕೆಚ್ಚಲಿಗೆ ಬಿದ್ದರೆ ಹಾಲು ಇಳಿಸುವುದಿಲ್ಲ. ಇದಕ್ಕೆ ಆ ಕಡೆ ಹೆಂಗಸರು ಮಾಡುವ ಉಪಾಯ ಒಂದಿದೆ. ದಿನಾ ಕರೆಯುವವಳು ಕೊಟ್ಟಿಗೆಗೆಂದೇ ಇಟ್ಟುಕೊಂಡ ಸೀರೆಯನ್ನು ಹೊಸಬಳು ಉಟ್ಟು ಕೂತರೆ ಹಸು ಸುಮ್ಮನಿರುತ್ತದೆ. ಮುನಿನಾರಾಯಣಮ್ಮನದು ಒಂದು ಹಳೆಯ ನೀಲಿ ಚೌಕಳಿ ಸೀರೆ. ಕೊಟ್ಟಿಗೆಯ ಗೂಟದಲ್ಲೇ ಇರುತ್ತದೆ, ಮನೆಯೊಳಗೆ ಬರುವುದಿಲ್ಲ.

ಮಾರನೆಯ ದಿನದಿಂದ ಅಕ್ಕಯ್ಯಮ್ಮ ಆ ಸೀರೆಯನ್ನು ತನ್ನ ಸೀರೆಯ ಮೇಲೇ ಸುತ್ತಿಕೊಂಡು ಅಭ್ಯಾಸಕ್ಕೆ ಕೂತಳು. ಮುನಿನಾರಾಯಣಮ್ಮ ಗೋಡೆ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಮೊದಲ ದಿನ ಎರಡು ಲೀಟರ್, ಮೂರನೆಯ ದಿನ ನಾಲ್ಕು, ವಾರ ಕಳೆಯುವಷ್ಟರಲ್ಲಿ ಪೂರ್ತಿ.

"ನಿನ್ನ ಅಸ ನನ್ನ ಅಸ ಆಯ್ತು ನೋಡು," ಅಂತ ಅಕ್ಕಯ್ಯಮ್ಮ ಛೇಡಿಸಿದಳು. "ನೀನು ಸಮುದ್ರದಾಗೇ ಇರು."

"ನಿನಗೇ ಬೇಕಾದ್ರೆ ಓಗೇ ಸಮುದ್ರಕ್ಕೆ," ಅಂದಳು ಮುನಿನಾರಾಯಣಮ್ಮ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಅಕ್ಕಯ್ಯಮ್ಮ ಗಮನಿಸಲಿಲ್ಲ.

ಮುನಿಸ್ವಾಮಪ್ಪ ಡೇರಿಯ ಸಾಲಿನಲ್ಲಿ ನಿಂತವರಿಗೆಲ್ಲ ಸುದ್ದಿ ಹಂಚಿದ. ಅಲ್ಲಿ ಹಾಲಿನ ಫ್ಯಾಟ್ ಅಳೆದು ನೋಡುವ ಕೋದಂಡಪ್ಪ, "ಚಡ್ಡಿ ಆಕ್ಕೊಂಡು ಈಜ್ತೀಯೇನಣ್ಣ?" ಅಂತ ಕೇಳಿದ್ದೇ ತಡ, ಬಂಗಾರಪೇಟೆಗೆ ಹೋಗಿ ಹೂವಿನ ಚಿತ್ರದ ಮಂಡಿಯುದ್ದದ ಚಡ್ಡಿ ಒಂದನ್ನು ತಂದ. ಲುಂಗಿಯ ಮೇಲೆ ಹಿಡಿದು ಅಳತೆ ನೋಡಿಕೊಂಡ. ಹೆಂಡತಿ ನೋಡಿಯೂ ನೋಡದ ಹಾಗೆ ಸೊಪ್ಪು ಬಿಡಿಸುತ್ತಿದ್ದಳು.

ಶ್ಯಾಮಲ ಗಂಡನ ಜೊತೆ ಮಾತು ಬಿಟ್ಟಳು. ಡಬ್ಬಿ ಕಟ್ಟಿಕೊಡುತ್ತಿದ್ದಳು, ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು, ಸಾರು ಬೇಕಾ ಅಂತ ಗೋಡೆಯನ್ನು ಕೇಳುತ್ತಿದ್ದಳು. ಬೇಕು ಅಂತ ಸುಧಾಕರನೂ ಗೋಡೆಗೇ ಹೇಳುತ್ತಿದ್ದ. ಹೀಗೇ ಎರಡು ವಾರ ನಡೆಯಿತು. ಫ್ಯಾಕ್ಟರಿಯಲ್ಲಿ ರಜದ ಚೀಟಿ ಮೇಜಿಂದ ಮೇಜಿಗೆ ಹೋಗುತ್ತಿತ್ತು.

ತಪ್ಪು ನಡೆದದ್ದು ಮಾರ್ಚ್ ಆರನೇ ತಾರೀಖು. ಆ ಮನೆಯಲ್ಲಿ ಶ್ಯಾಮಲ ಸಗಣಿ ಬಾಚುತ್ತಾಳೆ, ಹುಲ್ಲು ಹಾಕುತ್ತಾಳೆ, ಕ್ಯಾನ್ ತೊಳೆಯುತ್ತಾಳೆ. ಕೆಚ್ಚಲಿಗೆ ಮಾತ್ರ ಅತ್ತೆ ಅವಳ ಕೈ ಬಿಟ್ಟಿಲ್ಲ. ಟೈಲರ್ ಮನೆ ಹುಡುಗಿಗೆ ಬಟ್ಟೆ ಅಂದರೆ ಬಣ್ಣ, ನೇಯ್ಗೆ, ಅಂಚು. ಹಸು ಗುರುತು ಹಿಡಿಯುವುದು ನೀಲಿ ಚೌಕಳಿಯನ್ನು ಅಂತಲೇ ಅವಳು ತಿಳಿದಿದ್ದಳು. ಬೇರೆ ಮನೆಯ ಹೆಂಗಸು ದಿನಾ ಮೈಗೆ ಸುತ್ತಿಕೊಳ್ಳುವ ಸೀರೆ ಅಷ್ಟು ನಾರುವುದು ನೋಡಿ ಅವಳಿಗೇ ನಾಚಿಕೆಯಾಯಿತು. ಮಧ್ಯಾಹ್ನ ಬಿಸಿನೀರಿನಲ್ಲಿ ನೆನೆಸಿ, ಸೋಪಿನ ಪುಡಿ ಹಾಕಿ ಕುಸುಬಿ, ಕೊನೆಗೆ ಮಲ್ಲಿಗೆ ವಾಸನೆಯ ದ್ರವವನ್ನೂ ಒಂದು ಮುಚ್ಚಳ ಹಾಕಿ ಜಾಲಿಸಿದಳು. ಒಣಗಿದ ಮೇಲೆ ಮಡಿಸಿ ಗೂಟಕ್ಕೆ ಹಾಕಿದಳು.

ಸಂಜೆ ಅಕ್ಕಯ್ಯಮ್ಮ ಸೀರೆ ಸುತ್ತಿಕೊಂಡು ಕೂತಳು. ಮಚ್ಚೆ ಒಂದು ಸಲ ತಿರುಗಿ ಮೂಸಿತು. ಆಮೇಲೆ ಹಿಂಗಾಲು ಎತ್ತಿ ಬಕೆಟ್ಟನ್ನು ಗೋಡೆಗೆ ಒದೆಯಿತು. ಅಕ್ಕಯ್ಯಮ್ಮ ಸಗಣಿಯಲ್ಲಿ ಕೂತಳು. ಮುನಿನಾರಾಯಣಮ್ಮ ಓಡಿಬಂದು ತಾನೇ ಕೂತು ಕೆಚ್ಚಲು ನೀವಿದಳು, ಮಾತಾಡಿಸಿದಳು, ಬೂಸಾ ತೋರಿಸಿದಳು. ಒಂದು ತೊಟ್ಟೂ ಇಳಿಯಲಿಲ್ಲ. ಬೆಳಿಗ್ಗೆಯೂ ಅಷ್ಟೇ. ಕೆಚ್ಚಲು ಕಲ್ಲಾಯಿತು, ಮುಟ್ಟಿದರೆ ಹಸು ನಡುಗುತ್ತಿತ್ತು.

ಅಷ್ಟರಲ್ಲಿ ಸುಧಾಕರ ಬೆಳಗಿನ ಪಾಳಿಗೆ ಹೋಗಿದ್ದ, ಮುನಿಸ್ವಾಮಪ್ಪ ಪಶು ವೈದ್ಯರನ್ನು ಕರೆಯಲು ಹೋಗಿದ್ದ. ಮುನಿನಾರಾಯಣಮ್ಮ ಗೂಟದಿಂದ ಸೀರೆ ತೆಗೆದು ಮೂಗಿಗೆ ಹಿಡಿದಳು. ಅಂಗಳದಲ್ಲಿ ಕ್ಯಾನ್ ತೊಳೆಯುತ್ತಿದ್ದ ಸೊಸೆಯ ಮುಂದೆ ತಂದು ಎಸೆದಳು.

"ಬೇಕೂಂತ ಒಗೆದ್ಯಾ?"

"ಇಲ್ಲ ಅತ್ತೆ. ನಾರ್ತಿತ್ತು. ಅಕ್ಕಯ್ಯಮ್ಮ ಉಡ್ತಾರಲ್ಲ, ಏನಂದ್ಕೋತಾರೋ ಅಂತ."

"ನಾರೋದಕ್ಕೇ ಕಣೇ ಅದು ಇರೋದು. ಅಸಕ್ಕೆ ಕಣ್ಣಲ್ಲಿ ಏನು ಕಾಣ್ತದೆ? ಮೂಗು ಅದಕ್ಕೆ. ಆರು ವರ್ಷದಿಂದ ಕೊಟ್ಟಿಗೇಲಿದ್ದೀಯ, ಇಷ್ಟು ಗೊತ್ತಿಲ್ವಾ? ಓಗೋದು ತಪ್ಪಿಸ್ಬೇಕು ಅಂತ ಮಾಡಿದ್ದೀಯ."

ಶ್ಯಾಮಲ ಕ್ಯಾನ್ ಕೆಳಗಿಟ್ಟಳು. ಎರಡು ವಾರದಿಂದ ಗೋಡೆಯ ಜೊತೆ ಮಾತಾಡಿದವಳಿಗೆ ಈಗ ಮಾತು ಒಂದರ ಮೇಲೊಂದು ಬಂತು.

"ಸೀರೆ ಬೇಕೂಂತ ಒಗೀಲಿಲ್ಲ, ಆಣೆ ಮಾಡ್ತೀನಿ. ಆದ್ರೆ ನಿಮ್ಮ ಜೊತೆ ಬರೋಕೆ ನನಗಿಷ್ಟ ಇಲ್ಲ, ಅದು ನಿಜ. ಆರು ವರ್ಷ ಆಯ್ತು ಅತ್ತೆ. ಗಂಡನ ಜೊತೆ ಒಂದು ದಿನ ಜೋರಾಗಿ ಮಾತಾಡಿಲ್ಲ. ನಗು ಬಂದ್ರೆ ಬಾಯಿಗೆ ದಿಂಬು ಒತ್ತಿಕೊಂಡು ನಗ್ತೀನಿ. ನಾಲ್ಕೂವರೆಗೆ ನೀವು ಬೋಗುಣಿ ಹಿಡ್ಕೊಂಡು ಬರ್ತೀರ. ಮಗು ಯಾಕಾಗಿಲ್ಲ ಅಂತ ಊರೆಲ್ಲ ನನ್ನ ಕೇಳ್ತಾರೆ, ನೀವೂ ದೇವ್ರಿಗೆ ಹರಕೆ ಹೊರ್ತೀರ. ಆ ಬೂಸಾ ಮೂಟೇನ ಯಾರೂ ಏನೂ ಕೇಳಲ್ಲ. ಎರಡು ದಿನ, ಎರಡೇ ದಿನ, ಬಾಗಿಲಿರೋ ಮನೇಲಿ ಇರಬೇಕು ಅಂತ ಆಸೆ ಪಟ್ಟೆ. ಅಲ್ಲೂ ಮಾವನ ಪಕ್ಕದ ಮಂಚ, ಗಾಜಿನ ಬಚ್ಚಲು."

ಹೇಳಿ ಮುಗಿಸಿದಳು. ಅತ್ತೆ ಬೈಯುತ್ತಾಳೆ ಅಂತ ಕಾದಳು. ಮುನಿನಾರಾಯಣಮ್ಮ ಕೆಳಗೆ ಬಿದ್ದಿದ್ದ ಸೀರೆಯನ್ನು ಎತ್ತಿಕೊಂಡು ಕೊಟ್ಟಿಗೆಗೆ ಹೋದಳು, ಅದನ್ನು ಮಚ್ಚೆಯ ಕಾಲಡಿಯ ಗಂಜಲದ ಹುಲ್ಲಿನಲ್ಲಿ ಹೊಸಕಿ ಹರವಿದಳು.

"ಬಾ ಇಲ್ಲಿ," ಅಂದಳು. "ಬಾಲ ಇಡ್ಕೋ. ಬಿಡಬೇಡ."

ಶ್ಯಾಮಲ ಬಾಲ ಹಿಡಿದು ನಿಂತಳು. ವೈದ್ಯರು ಬಂದು ಇಂಜೆಕ್ಷನ್ ಕೊಟ್ಟರು. ಬಿಸಿನೀರಿನ ಬಟ್ಟೆ ಇಟ್ಟು ಇಟ್ಟು ಮಧ್ಯಾಹ್ನದ ಹೊತ್ತಿಗೆ ಹಾಲು ಇಳಿಯಿತು. ಅಷ್ಟು ಹೊತ್ತೂ ಅತ್ತೆ ಸೊಸೆಯ ಹತ್ತಿರ ಹಸುವಿನ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ.

ಸುಧಾಕರ ಸಂಜೆ ಬಂದವನೇ ಖುಷಿಯಿಂದ ಹೇಳಿದ: ರಜ ಮಂಜೂರಾಗಿದೆ. ನಾಲ್ಕೂ ಜನ ಊಟಕ್ಕೆ ಕೂತರು. ಅನ್ನ, ಬಸ್ಸಾರು.

"ಇವಾಗ ಒತ್ತಿಬಿಡ್ಲಾ?" ಅಂದ ಸುಧಾಕರ.

"ಒತ್ತು," ಅಂದಳು ಮುನಿನಾರಾಯಣಮ್ಮ. "ಉಯ್ಯಾಲೇದು ಒತ್ತು."

ಶ್ಯಾಮಲಳ ಕೈ ತಟ್ಟೆಯಲ್ಲೇ ನಿಂತಿತು. ಸುಧಾಕರ ಹೆಂಡತಿಯ ಕಡೆ ಸಿಟ್ಟಿನಿಂದ ನೋಡಿದ. "ಇವಳೇನಾದ್ರೂ ಅಂದ್ಲಾ ಅಮ್ಮ?"

"ಅಂದ್ಲು. ಸರಿಯಾಗೇ ಅಂದ್ಲು. ಅದಕ್ಕಲ್ಲ ನಾನು ಏಳ್ತಿರೋದು. ಅಪ್ಪ ಅಮ್ಮನ್ನ ಕರ್ಕೊಂಡು ಓಗ್ತೀನಿ ಅಂತ ನೀನು ತೀರ್ಮಾನ ಮಾಡ್ದೆ. ನಿಮ್ಮಪ್ಪ ಚಡ್ಡಿ ತಂದ್ರು. ಅಕ್ಕಯ್ಯಮ್ಮ ಸೀರೆ ಸುತ್ಕೊಂಡ್ಲು. ಬತ್ತೀಯೇನಮ್ಮ ಅಂತ ನನ್ನ ಯಾರಾದ್ರೂ ಕೇಳಿದ್ರಾ?"

"ಕೇಳಿದ್ರೆ ಬರಲ್ಲ ಅಂತಿದ್ಯಾ?"

"ಅಂತಿದ್ದೆ."

"ಯಾಕಮ್ಮ? ಸಮುದ್ರ ನೋಡೋ ಆಸೆ ಇಲ್ವಾ ನಿನಗೆ?"

"ನನಗೆ ಈ ಮನೆ ನೋಡೋ ಆಸೆ," ಅಂದಳು ಮುನಿನಾರಾಯಣಮ್ಮ. "ನಾನು ಇಲ್ಲಿಗೆ ಬಂದಾಗ ನಿಮ್ಮ ತಾತ, ಅಜ್ಜಿ, ಇಬ್ರು ಚಿಕ್ಕಪ್ಪಂದಿರು, ನಿಮ್ಮ ಸೋದರತ್ತೆ. ಇವರು ಗಣೀಲಿ ಶಿಫ್ಟು. ಒಂದು ಮಾತಾಡ್ಬೇಕು ಅಂದ್ರೆ ಜೋಳದ ಒಲಕ್ಕೆ ಓಗ್ಬೇಕಿತ್ತು."

ಮುನಿಸ್ವಾಮಪ್ಪ ಕೆಮ್ಮಿದ. "ಅದೆಲ್ಲ ಯಾಕೆ ಇವಾಗ?"

"ಸುಮ್ಕಿರಿ. ಅವರೆಲ್ಲ ಒಬ್ಬೊಬ್ರಾಗಿ ಓಗೋಷ್ಟ್ರಲ್ಲಿ ನೀನೂ ಕಲ್ಪನಾನೂ ದೊಡ್ಡೋರಾದ್ರಿ. ನಿಮ್ಮಕ್ಕ ಕಲ್ಪನ ಮದುವೆಯಾಗಿ ಓದ್ಲು, ಎರಡು ಸಲ ಬಾಣಂತನಕ್ಕೆ ಬಂದ್ಲು. ನಿಮ್ಮಜ್ಜಿ ತೀರ್ಕೊಂಡು ವರ್ಷ ತುಂಬಲಿಲ್ಲ, ನಿನ್ನ ಮದುವೆ. ಮೂವತ್ತೆಂಟು ವರ್ಷ ಆಯ್ತು ಕಣ್ಲಾ. ನಾನೂ ನಿಮ್ಮಪ್ಪನೂ ಇಬ್ರೇ ಈ ಮನೇಲಿ ಒಂದು ದಿನ ಇದ್ದಿಲ್ಲ. ಒಂದೇ ಒಂದು ದಿನ ಇದ್ದಿಲ್ಲ. ಎರಡು ರಾತ್ರಿ ಮೂರು ಹಗಲು ನೀವಿಬ್ರೂ ಓಗ್ತೀರೇನೋ ಅಂತ ಕಾದೆ. ನೀನು ನೋಡಿದ್ರೆ ನಮ್ಮನ್ನೂ ಎಳ್ಕೊಂಡು ಓಗೋಕೆ ನಿಂತಿದ್ದೀಯ."

ಸುಧಾಕರನಿಗೆ ಎಲ್ಲಿ ನೋಡಬೇಕೋ ಗೊತ್ತಾಗಲಿಲ್ಲ. ಶ್ಯಾಮಲ ಅತ್ತೆಯನ್ನೇ ನೋಡುತ್ತಿದ್ದಳು. ಆರು ವರ್ಷ ಪರದೆಯ ಈಚೆ ಕಡೆಯ ಕಷ್ಟವನ್ನಷ್ಟೇ ಲೆಕ್ಕ ಹಾಕಿದ್ದಳು. ಆಚೆ ಕಡೆ ಮಲಗಿದವರೂ ಗಂಡ ಹೆಂಡತಿ ಅನ್ನುವುದು ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ.

"ಮತ್ತೆ ಅಪ್ಪನಿಗೆ ಸಮುದ್ರ?" ಅಂದ ಸುಧಾಕರ, ದನಿ ಅರ್ಧ ಇಳಿಸಿ.

ಎಲ್ಲರೂ ಮುನಿಸ್ವಾಮಪ್ಪನ ಕಡೆ ತಿರುಗಿದರು. ಅವನು ಸಾರನ್ನು ಅನ್ನಕ್ಕೆ ಕಲಸುತ್ತಿದ್ದ. ತುಂಬಾ ಹೊತ್ತು ಕಲಸಿದ.

"ಸಮುದ್ರ ಎಲ್ಲೋಯ್ತದೆ?" ಅಂದ. "ಅಲ್ಲೇ ಇರ್ತದೆ. ನೀವು ಓಗಿಬನ್ನಿ."

ಸುಧಾಕರ ಫೋನನ್ನು ಹೆಂಡತಿಯ ಮುಂದಿಟ್ಟ. ಶ್ಯಾಮಲ ಕೈ ತೊಳೆದುಕೊಂಡು ಬಂದು ಒತ್ತಿದಳು.

ಆ ತಿಂಗಳ ಮೂರನೇ ಶುಕ್ರವಾರ ಇಬ್ಬರೂ ಬಂಗಾರಪೇಟೆಯಲ್ಲಿ ಚೆನ್ನೈ ರೈಲು ಹತ್ತಿದರು, ಅಲ್ಲಿಂದ ಬಸ್ಸು. ರೆಸಾರ್ಟಿನಲ್ಲಿ ಕುಡಿಯಲು ಎಳನೀರು ಕೊಟ್ಟು ಸರ್, ಮೇಡಂ ಅಂದರು. ಬಾಗಿಲು ತೇಗದ್ದು, ಒಳಗಿಂದ ಎರಡು ಚಿಲಕ. ಶ್ಯಾಮಲ ಎರಡನ್ನೂ ಹಾಕಿ, ಜೋರಾಗಿ ನಕ್ಕಳು. ಯಾರಾದರೂ ಕೇಳಿಸಿಕೊಂಡಾರು ಅಂತ ಸುಧಾಕರ ಅಭ್ಯಾಸಬಲದಿಂದ ತುಟಿಗೆ ಬೆರಳಿಟ್ಟ. ಆಮೇಲೆ ತನಗೇ ನಾಚಿಕೆಯಾಗಿ ಅವನೂ ನಕ್ಕ.

ಸಂಜೆ ದಂಡೆಗೆ ಇಳಿದರು. ಅಪ್ಪನಿಗೆ ಸಮುದ್ರ ತೋರಿಸೋಣ ಅಂತ ಸುಧಾಕರ ಅಮ್ಮನ ಫೋನಿಗೆ ವಿಡಿಯೋ ಕಾಲ್ ಮಾಡಿದ. ಎತ್ತಲಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಮಾಡಿದ. ಎತ್ತಲಿಲ್ಲ. ಮೂರನೇ ಸಲಕ್ಕೆ ಮುಖ ಬಿಳಿಚಿಕೊಂಡಿತು.

"ಅಪ್ಪನಿಗೆ ಏನಾದ್ರೂ ಆಯ್ತಾ? ಅಕ್ಕಯ್ಯಮ್ಮಂಗೆ ಮಾಡಿ ನೋಡ್ಕೊಂಡು ಬಾ ಅಂತೀನಿ."

ಶ್ಯಾಮಲ ಅವನ ಕೈಯಿಂದ ಫೋನ್ ಕಿತ್ತುಕೊಂಡಳು. "ಅವರ ಪಾಡಿಗೆ ಅವರನ್ನ ಬಿಡ್ರೀ," ಅಂದಳು.

ಬೆಳಿಗ್ಗೆ ಏಳೂವರೆಗೆ ಅಮ್ಮನೇ ಕರೆ ಮಾಡಿದಳು.

"ಯಾಕ್ಲಾ ಅಷ್ಟು ಸಲ ಮಾಡಿದ್ದೆ?"

"ಸಮುದ್ರ ತೋರಿಸೋಣಾಂತ. ನೀವೆಲ್ಲಿ ಹೋಗಿದ್ರಿ?"

"ಎಲ್ಲೂ ಓಗಿಲ್ಲ. ಮನೇಲೇ ಇದ್ವಿ."

"ಮತ್ತೆ ಫೋನ್ ಎತ್ತಲಿಲ್ಲ?"

ಅಮ್ಮ ಅಲ್ಲಿನ ಊಟ ಹೇಗಿದೆ ಅಂತ ಕೇಳಿದಳು. ಸುಧಾಕರ, "ಅಪ್ಪನಿಗೆ ಕೊಡಮ್ಮ," ಅಂದ.

"ಇನ್ನೂ ಎದ್ದಿಲ್ಲ."

ಅಪ್ಪ ಏಳೂವರೆವರೆಗೆ ಮಲಗಿದ್ದನ್ನು ಸುಧಾಕರ ಹುಟ್ಟಿದಾಗಿನಿಂದ ಕಂಡಿರಲಿಲ್ಲ. "ಉಷಾರಿಲ್ವಾ?"

"ಉಷಾರಾಗೇ ಅವ್ರೆ. ಆಲು ಡೇರಿಗೆ ನಾನೇ ಆಕಿ ಬಂದೆ," ಅಂದಳು ಮುನಿನಾರಾಯಣಮ್ಮ. ಆಮೇಲೆ ಪಕ್ಕದಲ್ಲಿ ಯಾರಿಗೋ ಎಚ್ಚರವಾಗದಿರಲಿ ಅನ್ನುವ ಹಾಗೆ ದನಿ ತಗ್ಗಿಸಿದಳು. "ಸುಧಾಕರ, ಆ ರೆಸಾರ್ಟ್‌ನೋರ್ನ ಒಂದು ಮಾತು ಕೇಳ್ಲಾ. ಇನ್ನೊಂದು ದಿನ ಇದ್ದು ಬರೋಕಾಯ್ತದಾ ಅಂತ."